ಗೇಟ್‌ವಾಲ್ವ್: ಮನೆಯ ನೀರಿಗೆ ತುರ್ತು ತಡೆ

ವಾಶ್‌ಬೇಸಿನ್ ಕೆಳಗಿನ ಕನೆಕ್ಷನ್ ಪೈಪು ಒಡೆಯುವುದಕ್ಕೆ ಹೊತ್ತುಗೊತ್ತು ಇಲ್ಲ. ಹೊರಗೆ ಸ್ಟೀಲ್ ಹೆಣಿಗೆ ಹೊಳೆಯುತ್ತಿದ್ದರೂ ಒಳಗಿನ ರಬ್ಬರು ವರ್ಷಗಳು ಕಳೆದಂತೆ ಗಡುಸಾಗಿ ಬಿರಿಯುತ್ತದೆ. ಒಂದು ರಾತ್ರಿ ನಟ್ಟಿನ ಬುಡದಲ್ಲಿ ಕಿತ್ತುಕೊಳ್ಳುತ್ತದೆ. ಮನೆಯವರು ಮೊದಲು ಓಡುವುದು ಹಳೆ ಬಟ್ಟೆ ತರಲು, ಬಕೆಟ್ ಹುಡುಕಲು. ಕೈಯಿಡಬೇಕಾದದ್ದು ಬೇಸಿನ್ನಿನ ಕೆಳಗೇ ಗೋಡೆಗಂಟಿಕೊಂಡಿರುವ ಆಂಗಲ್ ಕಾಕ್‌ಗೆ. ಅದು ಕೂರಿಸಿದ ದಿನದಿಂದ ಯಾರೂ ಮುಟ್ಟದೆ ಜಾಮಾಗಿದ್ದರೆ, ಓಡಬೇಕಾದದ್ದು ತಾರಸಿಗೆ.

ಮನೆಯೊಳಗೆ ಹರಿಯುವ ನೀರನ್ನು ಅದು ಹೊರಡುವ ಜಾಗದಲ್ಲೇ ಕಟ್ಟುವ ಈ ಕೆಲಸಕ್ಕೆ ಕನ್ನಡದಲ್ಲಿ ಒಂದೇ ಹೆಸರು ನಿಂತಿಲ್ಲ. ‘ಮೇನ್ ಆಫ್ ಮಾಡು’ ಎನ್ನುವವರಿದ್ದಾರೆ, ‘ವಾಲ್ವ್ ಬಂದ್ ಮಾಡು’ ಎನ್ನುವವರಿದ್ದಾರೆ. ‘ಮೇಲೆ ಹೋಗಿ ನೀರು ನಿಲ್ಲಿಸು’ ಎಂಬುದೇ ಹೆಚ್ಚು ಕೇಳಿಬರುವ ಮಾತು, ಹೆಚ್ಚು ಸರಿಯಾದದ್ದೂ ಹೌದು. ಲಂಡನ್ನಿನ ಮನೆಯಲ್ಲಿ ಇಡೀ ಮನೆಯ ನೀರು ಕಟ್ಟುವ ಸ್ಟಾಪ್‌ಕಾಕ್ ಸಾಮಾನ್ಯವಾಗಿ ಅಡುಗೆಮನೆಯ ಸಿಂಕಿನ ಕೆಳಗಿರುತ್ತದೆ; ಅಮೆರಿಕದ ಚಳಿಸೀಮೆಯ ಮನೆಗಳಲ್ಲಿ ನೆಲಮಾಳಿಗೆಯಲ್ಲಿರುತ್ತದೆ. ಅಲ್ಲಿ ನೀರು ಬೀದಿಯ ಕೊಳವೆಯಿಂದ ಒತ್ತಡದೊಡನೆ ನೇರವಾಗಿ ನಲ್ಲಿಗೆ ಬರುತ್ತದೆ. ಕರ್ನಾಟಕದ ಊರುಗಳಲ್ಲಿ ಬೀದಿಯ ನೀರು ದಿನಕ್ಕಿಷ್ಟು ಹೊತ್ತು, ಎಷ್ಟೋ ಕಡೆ ದಿನ ಬಿಟ್ಟು ದಿನ ಬರುವುದರಿಂದ ಮನೆ ತನ್ನದೇ ಒಂದು ಪುಟ್ಟ ಜಲಾಶಯ ಕಟ್ಟಿಕೊಂಡಿದೆ: ನೆಲದಡಿ ಸಂಪು, ನೆತ್ತಿಯ ಮೇಲೆ ಟ್ಯಾಂಕು. ಅನಾಹುತ ಕೆಳಗಾದರೂ ಅದರ ಕೀಲಿ ಇರುವುದು ಮೇಲೆ.

ಈ ವ್ಯವಸ್ಥೆಯಲ್ಲೊಂದು ಸಣ್ಣ ಅನುಕೂಲವೂ ಇದೆ. ಹತ್ತು ಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಭಾರ ಹೇರುತ್ತದೆ. ಎರಡಂತಸ್ತಿನ ಮನೆಯ ನೆಲಮಹಡಿಯ ನಲ್ಲಿಗೂ ತಾರಸಿಯ ಟ್ಯಾಂಕಿಗೂ ಏಳೆಂಟು ಮೀಟರ್ ಅಂತರವೆಂದುಕೊಂಡರೆ, ಅರ್ಧ ಇಂಚಿನ ಪೈಪಿನ ಬಾಯಿಯಲ್ಲಿ ನೀರು ಒತ್ತುವ ಬಲ ಒಂದೂಕಾಲು ಕಿಲೋ ಆಸುಪಾಸು. ಅದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಬಹುದು, ಇನ್ನೊಬ್ಬರು ತಾರಸಿಗೆ ಹತ್ತಿ ಬರುವವರೆಗೆ. ಪಾಶ್ಚಾತ್ಯ ನಗರಗಳ ಕೊಳವೆಯಲ್ಲಿ ಮೂರು ನಾಲ್ಕು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಒತ್ತಡವಿರುತ್ತದೆ. ಅಲ್ಲಿ ಬೆರಳಿನ ಆಟ ನಡೆಯುವುದಿಲ್ಲ. ಅಷ್ಟೇ ಅಲ್ಲ, ಅಲ್ಲಿ ಬೀದಿಯ ಕೊಳವೆ ಬತ್ತುವುದಿಲ್ಲ. ಇಲ್ಲಿ ಅನಾಹುತಕ್ಕೊಂದು ಮಿತಿಯಿದೆ, ಅದು ಟ್ಯಾಂಕಿನ ಅಳತೆ. ನಿಮಿಷಕ್ಕೆ 20 ಲೀಟರಿನಂತೆ ಹೋದರೆ ಸಾವಿರ ಲೀಟರಿನ ಟ್ಯಾಂಕು 50 ನಿಮಿಷದಲ್ಲಿ ಬರಿದಾಗಿ ನೀರು ತಾನಾಗಿ ನಿಲ್ಲುತ್ತದೆ. ಆದರೆ ಆ ಸಾವಿರ ಲೀಟರೇ ಮುಂದಿನ ಎರಡು ದಿನದ ಬದುಕಾಗಿರುವ ಮನೆಗೆ ನೆಲ ಒದ್ದೆಯಾದದ್ದಕ್ಕಿಂತ ಟ್ಯಾಂಕು ಬರಿದಾದದ್ದು ದೊಡ್ಡ ಕಷ್ಟ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಹಾಕಿತ್ತು. ಅಂಥ ಊರಿನಲ್ಲಿ ಬಚ್ಚಲ ಮೋರಿಗೆ ಹರಿದುಹೋದ ಒಂದು ಟ್ಯಾಂಕು ನೀರಿನ ಬೆಲೆಯನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ನೀರು ಕಟ್ಟುವುದು ಒಂದು ಕಾಲದಲ್ಲಿ ಊರಿಗೊಬ್ಬರ ಹುದ್ದೆಯಾಗಿತ್ತು. ಹಳೆ ಮೈಸೂರು ಸೀಮೆಯ ಕೆರೆಗಳಲ್ಲಿ ತೂಬು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ; ವಂಶಪಾರಂಪರ್ಯವಾಗಿ ಬಂದ ಹೊಣೆ. ಕೆರೆಯೊಳಗೆ ನಿಂತ ಎರಡು ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು, ಆ ತೂತಿನಲ್ಲಿ ಇಳಿಬಿಟ್ಟ ಉದ್ದನೆಯ ಕೋಲು, ಅದರ ತುದಿಯಲ್ಲಿ ತೂಬಿನ ಬಾಯಿಗೆ ಕೂರುವ ಬಿರಡೆ. ಇಂದಿನ ಗೇಟ್‌ವಾಲ್ವನ್ನು ಬಿಚ್ಚಿ ನೋಡಿದರೆ ಅಲ್ಲಿರುವುದೂ ಇಷ್ಟೇ: ಒಂದು ಕೋಲು, ತುದಿಯಲ್ಲೊಂದು ತಡೆ. ಕೋಲಿಗೆ ತಿರುಪಿನ ಮರೆ ಬಂದಿದೆ, ಎಳೆಯುವ ಬದಲು ತಿರುಗಿಸುತ್ತಾರೆ.

1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಸುಮಾರು ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿದ ನೀರು ಅದು. ನೀರುಗಂಟಿಯ ಜಾಗಕ್ಕೆ ವಾಲ್ವ್‌ಮ್ಯಾನ್ ಬಂದ. ಉದ್ದನೆಯ ಟಿ ಆಕಾರದ ಕಬ್ಬಿಣದ ಕೀಲಿ ಹಿಡಿದು ರಸ್ತೆಯ ಮುಚ್ಚಳ ತೆಗೆದು ಈ ಬೀದಿಗೆ ಬಿಟ್ಟು ಆ ಬೀದಿಗೆ ಕಟ್ಟುವವನು. ಬೀದಿಯ ವಾಲ್ವು ಇಂದಿಗೂ ಅವನದೇ. ರಸ್ತೆಯಲ್ಲಿ ಪೈಪು ಒಡೆದರೆ ಮನೆಯವರು ಮುಟ್ಟುವಂತಿಲ್ಲ, ಬೆಂಗಳೂರಿನಲ್ಲಾದರೆ 1916ಕ್ಕೆ ಕರೆ ಮಾಡಬೇಕು. ಮೀಟರಿನಿಂದ ಈಚೆಗಿನದು ಮಾತ್ರ ಮನೆಯವರ ಪಾಲು.

ಆ ಪಾಲಿನೊಳಗೆ ನೀರು ಹೋಗುವ ದಾರಿ ತಿಳಿದಿದ್ದರೆ ಎಲ್ಲಿ ಕಟ್ಟಬೇಕೆಂಬುದು ತಾನೇ ಗೊತ್ತಾಗುತ್ತದೆ. ಗೇಟಿನ ಪಕ್ಕದ ಸಣ್ಣ ಗುಂಡಿಯಲ್ಲಿ ಮೀಟರು, ಅದರ ಜೊತೆ ಒಂದು ವಾಲ್ವು. ಮುಚ್ಚಳ ಎತ್ತಿದರೆ ಮೊದಲು ಕಾಣುವುದು ಜಿರಳೆ. ಅಲ್ಲಿಂದ ಸಂಪು. ಸಂಪಿನಿಂದ ಮೋಟಾರು ನೀರನ್ನು ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನ ಬುಡದಿಂದ ಹೊರಟ ದೊಡ್ಡ ಪೈಪು ತಾರಸಿಯ ಮೇಲೇ ಕವಲೊಡೆದು ಅಡುಗೆಮನೆಗೊಂದು, ಒಂದೊಂದು ಬಚ್ಚಲಿಗೊಂದು ಎಂದು ಗೋಡೆಗುಂಟ ಇಳಿಯುತ್ತದೆ. ಪ್ರತಿ ಕವಲಿಗೂ ಒಂದು ಗೇಟ್‌ವಾಲ್ವು. ಮೂರು ಮಹಡಿ ಬಾಡಿಗೆ ಕೊಟ್ಟ ಮನೆಯ ತಾರಸಿಯಲ್ಲಿ ಇಂಥ ಏಳೆಂಟು ವಾಲ್ವು ಸಾಲಾಗಿ ಕುಳಿತಿರುತ್ತವೆ. ಯಾವುದು ಯಾರದು ಎಂದು ಮನೆ ಕಟ್ಟಿದ ಪ್ಲಂಬರಿಗೆ ಗೊತ್ತಿತ್ತು. ಅವನ ಫೋನ್ ನಂಬರು ಈಗ ಯಾರಲ್ಲೂ ಇರುವುದಿಲ್ಲ. ಬಣ್ಣದ ಡಬ್ಬಿಯ ತಳದಲ್ಲುಳಿದ ಪೇಂಟಿನಿಂದ ಪ್ರತಿ ವಾಲ್ವಿನ ಪಕ್ಕದ ಗೋಡೆಯ ಮೇಲೆ ‘ಅಡುಗೆ’, ‘ಬಚ್ಚಲು’, ‘ಮೇಲಿನ ಮನೆ’ ಎಂದು ಬರೆದಿಟ್ಟ ಮನೆಗಳಿವೆ. ಹತ್ತು ನಿಮಿಷದ ಕೆಲಸ. ಕತ್ತಲಲ್ಲಿ ಟಾರ್ಚ್ ಹಿಡಿದು ಹುಡುಕುವವರಿಗೆ ದೊಡ್ಡ ಉಪಕಾರ.

ತಾರಸಿಯ ವಾಲ್ವು ಮುಚ್ಚಿದರೂ ನೀರು ನಿಲ್ಲದ ಎರಡು ಸಂದರ್ಭಗಳು ಜನರನ್ನು ಕಂಗೆಡಿಸುತ್ತವೆ. ಮೊದಲನೆಯದು ನೇರ ಕಾವೇರಿ ನಲ್ಲಿ. ಕುಡಿಯುವುದಕ್ಕೆಂದು ಬೀದಿ ಕೊಳವೆಯ ಒಂದು ಕವಲನ್ನು ಟ್ಯಾಂಕಿಗೆ ಹೋಗಗೊಡದೆ ಸೀದಾ ಅಡುಗೆಮನೆಗೆ ತಂದ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಆ ನಲ್ಲಿಯ ತಲೆ ಹಾರಿಹೋದರೆ ಓಡಬೇಕಾದದ್ದು ಕೆಳಕ್ಕೆ, ಮೀಟರಿನ ಗುಂಡಿಗೆ. ಎರಡನೆಯದು ಸೋಲಾರ್. ತಾರಸಿಯ ಸೋಲಾರ್ ಟ್ಯಾಂಕಿಗೆ ತಣ್ಣೀರು ಹೋಗುವ ದಾರಿ ಬೇರೆ, ಬಿಸಿನೀರು ಇಳಿಯುವ ಪೈಪು ಬೇರೆ. ತಣ್ಣೀರಿನ ವಾಲ್ವೊಂದನ್ನೇ ಮುಚ್ಚಿ ಇಳಿದುಬಂದವರ ಬಚ್ಚಲಲ್ಲಿ ಒಡೆದ ಮಿಕ್ಸರಿನಿಂದ ಸುಡುನೀರು ಸುರಿಯುತ್ತಲೇ ಇರುತ್ತದೆ.  ಬಿಸಿಲಿಳಿದ ಸಂಜೆಯಲ್ಲಿ ಮೈ ಸುಡುವ ಅಪಾಯ ಹೆಚ್ಚು.

ವಾಲ್ವಿನ ಜಾತಿಗಳು ಹಲವು. ಮನೆಯವರಿಗೆ ಎರಡು ಗೊತ್ತಿದ್ದರೆ ಸಾಕು. ಚಕ್ರದಂಥ ಹಿಡಿಯಿದ್ದು ಹಲವು ಸುತ್ತು ತಿರುಗುವುದು ಗೇಟ್‌ವಾಲ್ವ್. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಮುಚ್ಚುತ್ತದೆ. ಉದ್ದ ಹಿಡಿಯಿದ್ದು ಕಾಲು ಸುತ್ತಿಗೆ ಮುಗಿಯುವುದು ಬಾಲ್‌ವಾಲ್ವ್. ಹಿಡಿ ಪೈಪಿನ ಗುಂಟ ಇದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಬಾಲ್‌ವಾಲ್ವ್ ಕೊಡಿ’ ಎಂದರೆ ಟ್ಯಾಂಕು ತುಂಬಿದಾಗ ತೇಲಿ ನೀರು ನಿಲ್ಲಿಸುವ ಚೆಂಡನ್ನೂ ತೆಗೆದುಕೊಟ್ಟಾರು. ಎರಡಕ್ಕೂ ಅದೇ ಹೆಸರು ಓಡಾಡುತ್ತದೆ.

ಕಾಲು ಸುತ್ತಿನ ಕಲ್ಪನೆ ಹಳೆಯದು. ಪೊಂಪೈ ನಗರದ ಸೀಸದ ಕೊಳವೆಗಳಲ್ಲಿ ರೋಮನ್ನರು ಕೂರಿಸಿದ ಕಂಚಿನ ತಿರುಪುಗಳು ಇದೇ ಬಗೆಯವು: ತೂತಿರುವ ಉರುಳೆಯಾಕಾರದ ಬಿರಡೆ, ತಿರುಗಿಸಿದರೆ ತೂತು ಅಡ್ಡವಾಗುತ್ತದೆ. ಆದರೆ ಲೋಹಕ್ಕೆ ಲೋಹ ಉಜ್ಜಿ ಸವೆದು ಸೋರುತ್ತಿತ್ತು. ತಟ್ಟನೆ ಮುಚ್ಚಿದರೆ ಕೊಳವೆಯೊಳಗೆ ಸುತ್ತಿಗೆಯಲ್ಲಿ ಬಡಿದಂತೆ ಸದ್ದಾಗುವುದು ಇನ್ನೊಂದು ತೊಡಕು. ಓಡುತ್ತಿದ್ದ ನೀರು ಒಮ್ಮೆಲೇ ತಡೆಗೆ ಗುದ್ದುವುದರಿಂದ ಹುಟ್ಟುವ ಈ ಹೊಡೆತದ ಲೆಕ್ಕವನ್ನು ರಷ್ಯಾದ ನಿಕೊಲಾಯ್ ಝುಕೋವ್ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೋದ ನೀರಿನ ಕೊಳವೆಗಳ ಮೇಲೆ ಪ್ರಯೋಗ ಮಾಡಿ ಬಿಡಿಸಿದ. ನಿಧಾನವಾಗಿ ಮುಚ್ಚುವ, ವಾಷರ್ ಇರುವ ತಿರುಪಿನ ನಲ್ಲಿಗೆ ಇಂಗ್ಲೆಂಡಿನ ರಾದರಮ್ ಊರಿನ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಎರಕದ ಕಾರ್ಖಾನೆ 1845ರಲ್ಲೇ ಪೇಟೆಂಟ್ ಪಡೆದಿತ್ತು. ಕಾಲು ಸುತ್ತು ಮತ್ತೆ ಮೇಲಕ್ಕೆ ಬಂದದ್ದು ಟೆಫ್ಲಾನಿನಿಂದ. 1938ರಲ್ಲಿ ರಾಯ್ ಪ್ಲಂಕೆಟ್ ಕೈಗೆ ಆಕಸ್ಮಿಕವಾಗಿ ಸಿಕ್ಕ ಈ ಜಾರುವ ಪ್ಲಾಸ್ಟಿಕ್ಕನ್ನು ಗುಂಡಿನ ಸುತ್ತ ಬಳೆಯಾಗಿ ಕೂರಿಸಿದ ಮೇಲೆ ಸೋರದ ಬಾಲ್‌ವಾಲ್ವ್ ಸಾಧ್ಯವಾಯಿತು. ಪ್ಲಂಬರುಗಳು ಮರೆಗೆ ಸುತ್ತುವ ಬಿಳಿ ಟೇಪೂ ಅದೇ ವಸ್ತು.

ಹಳೆ ಮನೆಗಳಲ್ಲಿ ಇರುವುದು ಹಿತ್ತಾಳೆಯ ಗೇಟ್‌ವಾಲ್ವ್. ಅದರ ದೊಡ್ಡ ಕಾಯಿಲೆ ಎಂದರೆ ನಿಶ್ಚಲತೆ. ಹತ್ತು ವರ್ಷ ತೆರೆದೇ ಇದ್ದ ವಾಲ್ವಿನ ಮರೆಯೊಳಗೆ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕೂತು, ಹಿಡಿ ಅಲ್ಲಾಡುವುದಿಲ್ಲ. ಗಾಬರಿಯಲ್ಲಿ ಪೈಪ್ ರೆಂಚು ಹಾಕಿ ಎಳೆದರೆ ಕೋಲು ಮುರಿಯುತ್ತದೆ. ಅದಕ್ಕಿಂತ ಮೋಸದ ಪ್ರಸಂಗ ಇನ್ನೊಂದಿದೆ: ಹಿಡಿ ಸಲೀಸಾಗಿ ತಿರುಗುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ. ಒಳಗೆ ಕೋಲಿನಿಂದ ಗೇಟು ಕಳಚಿಬಿದ್ದಿರುತ್ತದೆ, ಅಥವಾ ಗೇಟು ಕೂರುವ ತಳದಲ್ಲಿ ಕಸ ತುಂಬಿ ಕೊನೆಯ ಎಳೆ ಮುಚ್ಚುವುದಿಲ್ಲ. ಬಿಗಿಯಾದ ವಾಲ್ವನ್ನು ಒಂದೇ ಸಲಕ್ಕೆ ಗೆಲ್ಲಲು ಹೋಗದೆ ಚೂರು ಮುಂದೆ, ಚೂರು ಹಿಂದೆ ಆಡಿಸುತ್ತ ಸುಣ್ಣ ಬಿಡಿಸುವುದು ಕೈಪಳಗಿದವರ ರೀತಿ. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆಗೆಯುವ, ಪೂರ್ತಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿಡುವ ರೂಢಿಯಿದ್ದರೆ ಈ ಪಾಡು ಬರುವುದು ಕಡಿಮೆ.

ವಾಲ್ವಿಗೂ ಮೊದಲು ನೋಡಬೇಕಾದದ್ದು ಕರೆಂಟು. ನೀರು ಸ್ವಿಚ್‌ಬೋರ್ಡಿನ ಕಡೆ ಚಿಮ್ಮುತ್ತಿದ್ದರೆ, ನೆಲದ ಮೇಲಿನ ಎಕ್ಸ್‌ಟೆನ್ಷನ್ ಬಾಕ್ಸ್ ತಲುಪುವಂತಿದ್ದರೆ, ಒಣಗಿದ ಜಾಗದಲ್ಲಿ ನಿಂತು ಮೇನ್ ಇಳಿಸಿದ ಮೇಲೆಯೇ ಉಳಿದದ್ದು. ಮೇನ್ ಸ್ವಿಚ್ಚೇ ನೀರಿನಲ್ಲಿದ್ದರೆ ಅದರ ಹತ್ತಿರವೂ ಸುಳಿಯಬಾರದು. ಗೀಸರಿನ ಸ್ವಿಚ್ಚು ಆರಿಸುವುದನ್ನು ಮರೆಯುವವರೇ ಹೆಚ್ಚು; ಒಡೆದ ಪೈಪಿನಿಂದ ಗೀಸರು ಬರಿದಾದರೆ ನೀರಿಲ್ಲದೆ ಕಾಯಿಲ್ ಸುಟ್ಟುಹೋಗುತ್ತದೆ. ಮೋಟಾರೂ ಬಂದ್ ಆಗಬೇಕು. ಆಟೊಮ್ಯಾಟಿಕ್ ಇರುವ ಮನೆಯಲ್ಲಿ ಟ್ಯಾಂಕು ಇಳಿದಂತೆ ಮೋಟಾರು ತಾನೇ ಶುರುವಾಗಿ, ಹೋಗುವ ನೀರಿಗೆ ಸಂಪಿನ ನೀರನ್ನೂ ಸೇರಿಸುತ್ತದೆ. ಸಾವಿರ ಲೀಟರಿನ ನಷ್ಟ ಐದು ಸಾವಿರಕ್ಕೆ ಮುಟ್ಟುವುದು ಹೀಗೆ.

ವಾಲ್ವು ಕೈಕೊಟ್ಟಾಗ ಮನೆಯಲ್ಲಿರುವ ಉಳಿದ ನಲ್ಲಿಗಳನ್ನೆಲ್ಲ ತೆರೆಯುವುದು ಮೊದಲ ಕೇಳಿಕೆಗೆ ವಿಚಿತ್ರವೆನಿಸಬಹುದು. ಆದರೆ ಅದೇ ಟ್ಯಾಂಕಿನ ನೀರು ನಾಲ್ಕು ಕಡೆ ಹಂಚಿಹೋದರೆ ಒಡೆದ ಬಾಯಲ್ಲಿ ಜೋರು ತಗ್ಗುತ್ತದೆ. ಬಕೆಟ್ಟು, ಹಂಡೆ, ಬಿಂದಿಗೆ, ಕುಕ್ಕರಿನ ಪಾತ್ರೆಯವರೆಗೆ ತುಂಬಿಟ್ಟುಕೊಂಡಷ್ಟು ನೀರು ಉಳಿಯುತ್ತದೆ. ಜಿಐ ಪೈಪಿನ ಬಿರುಕಿಗೆ ಹಳೆ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ, ಎಳೆದು, ಒಂದರ ಮೇಲೊಂದು ಬರುವಂತೆ ಸುತ್ತಿ ತಂತಿ ಬಿಗಿಯುವುದು ಊರೂರಲ್ಲೂ ಗೊತ್ತಿರುವ ವಿದ್ಯೆ. ಮುರಿದ ನಲ್ಲಿಯ ಜಾಗಕ್ಕೆ ಹಾಕುವ ಎಂಡ್ ಪ್ಲಗ್, ಕೆಲವರ ಬಾಯಲ್ಲಿ ‘ಡಮ್ಮಿ’, ಹತ್ತಿಪ್ಪತ್ತು ರೂಪಾಯಿಯ ಚೂರು. ಹೊಸ ನಲ್ಲಿ ತಂದಾಗ ಗೋಡೆಯಿಂದ ಬಿಚ್ಚಿ ಎಸೆಯುವುದೂ ಅದನ್ನೇ. ಟ್ಯಾಂಕಿನೊಳಗೆ ಕೈಬಿಟ್ಟು ಹೊರದಾರಿಗೆ ಬಟ್ಟೆ ಸುತ್ತಿದ ಬಿರಡೆ ಜಡಿಯುವವರೂ ಉಂಟು. ಸಂಪಿನ ವಿಷಯದಲ್ಲಿ ಈ ಧೈರ್ಯ ಸಲ್ಲದು. ಮುಚ್ಚಿದ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿಗಳು ಮತ್ತೆ ಮತ್ತೆ ಬರುತ್ತಲೇ ಇವೆ.

ಹರಿಯುವ ನೀರಿಗೆ ಅಡ್ಡ ಬಿರಡೆ ಇಡುವುದು ದೊಡ್ಡ ಪ್ರಮಾಣದಲ್ಲಿ ಹೇಗಿರುತ್ತದೆಂಬುದನ್ನು 2024ರ ಆಗಸ್ಟಿನಲ್ಲಿ ರಾಜ್ಯವೇ ನೋಡಿತು. 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಆ ಗೇಟಿಗಿಂತ ಹಿಂದೆ ಮುಚ್ಚಲು ಇನ್ನೊಂದು ವಾಲ್ವು ಇರಲಿಲ್ಲ. ಉಳಿದ ಗೇಟುಗಳನ್ನೂ ಎತ್ತಿ ಹರಿವನ್ನು ಹಂಚಿದರು. ನಂತರ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮ್ಮಿಕ್ಕುತ್ತಿರುವಾಗಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಕಟ್ಟಿದರು. ಬಚ್ಚಲಿನಲ್ಲಿ ಮೈಯೆಲ್ಲ ತೊಯ್ದು ಎಂಡ್ ಪ್ಲಗ್ ತಿರುಗಿಸುವ ಪ್ಲಂಬರು ಮಾಡುವುದೂ ಇದನ್ನೇ.

ಅಪಾರ್ಟ್‌ಮೆಂಟಿನಲ್ಲಿ ಲೆಕ್ಕ ಬೇರೆ. ಅಲ್ಲಿ ಒಂದು ಫ್ಲಾಟಿಗೆ ಒಂದೇ ವಾಲ್ವು ಎಂಬುದು ಹಳೆ ಕಟ್ಟಡಗಳಲ್ಲಿ ಅಪರೂಪ. ಒಂದೊಂದು ಬಚ್ಚಲಿಗೂ ಡಕ್ಟಿನಲ್ಲಿ ಪ್ರತ್ಯೇಕ ಪೈಪು ಇಳಿಯುತ್ತದೆ. ಅದನ್ನು ಮೇಲೆ ಕಟ್ಟಿದರೆ ಆ ಸಾಲಿನ ಅಷ್ಟೂ ಮನೆಗಳಿಗೆ ನೀರಿಲ್ಲ. ಗೋಡೆಯಲ್ಲಿ ಹುದುಗಿದ ಒಳವಾಲ್ವಿನ ಹಿಡಿಯನ್ನು ಟೈಲ್ಸ್ ಬದಲಿಸುವಾಗ ತೆಗೆದಿಟ್ಟು ಮರೆತಿರುತ್ತಾರೆ. ಮೇಲೆ ಹೋದರೆ ತಾರಸಿಗೆ ಬೀಗ, ಬೀಗದ ಕೀ ಸೆಕ್ಯುರಿಟಿಯವರ ಬಳಿ. ಪ್ರೆಷರ್ ಪಂಪು ಇರುವ ಹೊಸ ಕಟ್ಟಡಗಳಲ್ಲಿ ಒತ್ತಡ ಜಾಸ್ತಿ, ಬೆರಳಿನಲ್ಲಿ ಹಿಡಿಯುವ ಮಾತಿಲ್ಲ. ಒಂದು ಪೈಪನ್ನು ಮಾತ್ರ ಯಾವ ಗಾಬರಿಯಲ್ಲೂ ತಾವಾಗಿ ಮುಚ್ಚುವಂತಿಲ್ಲ: ಬೆಂಕಿ ಆರಿಸಲು ಇಟ್ಟ ಕೆಂಪು ಬಣ್ಣದ್ದು.

ನೀರು ಹೊರಹೋಗದಂತೆ ಕಟ್ಟುವುದು ಒಂದು ಮುಖ. ಕೊಳೆನೀರು ಒಳಬರದಂತೆ ಕಟ್ಟುವುದು ಇನ್ನೊಂದು. 2022ರ ಸೆಪ್ಟೆಂಬರ್ ಮೊದಲ ವಾರದ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತಿನ ಬಡಾವಣೆಗಳು ಮುಳುಗಿದವು. ನೆಲಮಟ್ಟದ ಸಂಪಿಗೆ ಮೋರಿಯ ನೀರು ನುಗ್ಗುವುದು ಇಂಥ ದಿನಗಳಲ್ಲಿ. ಆಗ ಮೋಟಾರು ಹಾಕಿದವರ ಟ್ಯಾಂಕು, ಪೈಪು, ಗೀಸರು ಎಲ್ಲವೂ ಕೆಡುತ್ತದೆ. ಮೋಟಾರು ನಿಲ್ಲಿಸಿದವರಿಗೆ ಮೇಲಿನ ಟ್ಯಾಂಕಿನ ಶುದ್ಧ ನೀರಾದರೂ ಉಳಿಯುತ್ತದೆ. ಅದೇ ಮಳೆಗೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಪಂಪುಮನೆಗೇ ನೀರು ನುಗ್ಗಿ, ಮಳೆಯಲ್ಲಿ ಮುಳುಗಿದ ರಾಜಧಾನಿಯ ಹಲವು ಭಾಗಗಳಿಗೆ ಕುಡಿಯುವ ನೀರೂ ನಿಂತಿತು. ಭೂಕಂಪದ ನಾಡುಗಳಲ್ಲೂ ಇದೇ ತರ್ಕ: ನೆಲದಡಿ ಪೈಪು ಒಡೆದು ಒತ್ತಡ ಇಳಿದರೆ ಮನೆಯ ಒಳ್ಳೆಯ ನೀರು ಹಿಂದಕ್ಕೆ ಹರಿದುಹೋಗಬಹುದು, ಬೀದಿಯ ಕೊಳೆ ಒಳಗೆ ಸೇರಬಹುದು. ಆದ್ದರಿಂದ ಕಂಪನ ನಿಂತ ಮೇಲೆ ಮನೆಯ ಮುಖ್ಯ ವಾಲ್ವು ಮುಚ್ಚಿ, ನೀರು ಕಾಯಿಸುವ ಟ್ಯಾಂಕಿನಲ್ಲಿರುವುದನ್ನು ಕುಡಿಯಲು ಉಳಿಸಿಕೊಳ್ಳಬೇಕೆಂಬುದು ಅಮೆರಿಕ ಸರ್ಕಾರದ ಸಲಹೆ.

ನೇರ ಒತ್ತಡದ ನೀರು ಕರ್ನಾಟಕಕ್ಕೂ ಹೊಸದಲ್ಲ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಾರ್ಡುಗಳಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ದಿನದ 24 ತಾಸೂ ನೀರು ಕೊಡುವ ಪ್ರಯೋಗ ಶುರುವಾಯಿತು. ಅಂಥ ಮನೆಯಲ್ಲಿ ಟ್ಯಾಂಕಿನ ಹಂಗಿಲ್ಲ. ಜೊತೆಗೆ ಟ್ಯಾಂಕಿನ ಮಿತಿಯೂ ಇಲ್ಲ. ಹಿತ್ತಲ ನಲ್ಲಿ ಮುರಿದು, ಮನೆಯವರು ಊರಿಗೆ ಹೋಗಿದ್ದರೆ ಅವರು ಬರುವತನಕ ನೀರು ಹರಿಯುತ್ತದೆ, ಮೀಟರೂ ಓಡುತ್ತದೆ. ಅಲ್ಲಿ ತಾರಸಿಗಿಂತ ಮೀಟರಿನ ಪಕ್ಕದ ವಾಲ್ವೇ ಮುಖ್ಯ.

ಮನೆಗೆ ಮನೆಯೇ ಆ ವಾಲ್ವು ಹುಡುಕಿದ ದೊಡ್ಡ ಪ್ರಸಂಗ 2021ರ ಫೆಬ್ರುವರಿಯ ಟೆಕ್ಸಾಸ್‌ನದು. ಬೆಚ್ಚಗಿನ ಸೀಮೆಯೆಂದು ಅಲ್ಲಿ ಪೈಪುಗಳನ್ನು ಅಟ್ಟದಲ್ಲಿ, ಹೊರಗೋಡೆಯಲ್ಲಿ ಹೊದಿಕೆಯಿಲ್ಲದೆ ಹಾಯಿಸಿದ್ದರು. ಹಿಮಗಾಳಿ ಬೀಸಿತು, ಕರೆಂಟು ಹೋಯಿತು, ಪೈಪಿನ ನೀರು ಹೆಪ್ಪುಗಟ್ಟಿತು. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಪೈಪು ಸೀಳಿದ್ದು ಆಗ, ಗೊತ್ತಾದದ್ದು ಮಂಜು ಕರಗಿದಾಗ. ಹೆಪ್ಪಿದ್ದಷ್ಟು ಹೊತ್ತು ಅದೇ ಬಿರಡೆಯಾಗಿತ್ತು. ಕನ್ನಡ ಕುಟುಂಬಗಳು ಸಾಕಷ್ಟಿರುವ ಡಲ್ಲಾಸ್, ಆಸ್ಟಿನ್‌ಗಳೂ ಈ ಹೊಡೆತಕ್ಕೆ ಸಿಕ್ಕವು. ಕರಗುವ ಮೊದಲೇ ರಸ್ತೆ ಬದಿಯ ಮೀಟರ್ ಪೆಟ್ಟಿಗೆ ಹುಡುಕಿ ಮುಚ್ಚಿದವರ ಛಾವಣಿ ಉಳಿಯಿತು. ಆ ಪೆಟ್ಟಿಗೆಯ ವಾಲ್ವು ತಿರುಗಿಸಲು ಬೇಕಾದದ್ದು ಉದ್ದನೆಯ ಟಿ ಆಕಾರದ ಕಬ್ಬಿಣದ ಕೀಲಿ, ಬೆಂಗಳೂರಿನ ವಾಲ್ವ್‌ಮ್ಯಾನ್ ಕೈಯಲ್ಲಿರುವಂಥದ್ದೇ.

ರಿಪೇರಿ ಮುಗಿದ ಮೇಲೆ ನೀರು ಬಿಡುವುದಕ್ಕೂ ಒಂದು ಹದವಿದೆ. ಖಾಲಿ ಪೈಪಿನೊಳಗೆ ಗಾಳಿ ಸೇರಿಕೊಂಡು, ಟ್ಯಾಂಕು ತುಂಬಿದ್ದರೂ ನಲ್ಲಿಯಲ್ಲಿ ಹನಿ ಬಾರದೆ ಏರ್‌ಲಾಕ್ ಆಗುವುದು ಇಳಿಜಾರಿನ ನೀರಿನ ಮನೆಗಳ ಮಾಮೂಲು ಗೋಳು. ಟ್ಯಾಂಕಿನ ಪಕ್ಕ, ಅದಕ್ಕಿಂತ ಎತ್ತರಕ್ಕೆ, ಬಾಯಿ ತೆರೆದು ನಿಂತ ಸಣ್ಣ ಪೈಪು ಇರುವುದು ಈ ಗಾಳಿ ಹೊರಹೋಗಲಿಕ್ಕೆ. ಅದರಿಂದ ನೀರು ಚೆಲ್ಲುತ್ತದೆಂದು ಮುಚ್ಚಳ ಹಾಕಿದವರು ಗಾಳಿಯನ್ನು ಒಳಗೇ ಕೂಡಿಹಾಕಿರುತ್ತಾರೆ. ಎಲ್ಲ ನಲ್ಲಿ ತೆರೆದಿಟ್ಟು, ವಾಲ್ವನ್ನು ಕಾಲು ಭಾಗದಷ್ಟೇ ಬಿಚ್ಚಿ ಕಾದರೆ ನಲ್ಲಿಗಳು ಮೊದಲು ಉಗುಳುತ್ತವೆ, ಕೆಮ್ಮುತ್ತವೆ, ಆಮೇಲೆ ಒಂದೇ ಧಾರೆಗೆ ಬರುತ್ತವೆ. ಮೊದಲ ಬಕೆಟ್ಟಿನ ನೀರು ಕೆಂಪಗೆ, ಸುಣ್ಣದ ಹಕ್ಕಳೆಯೊಡನೆ ಇಳಿಯುತ್ತದೆ, ಅದು ಗಿಡಕ್ಕೆ. ಎರಡನೆಯದು ತಿಳಿಯಾದ ಮೇಲೆ ಗೀಸರಿನ ಸ್ವಿಚ್ಚು.